ಕಡಲ ತೇಲುಸಾಧನಗಳು ಮತ್ತು ತುಂಗಭದ್ರೆಯ ನೀರು: ಅಳತೆ ತಪ್ಪಿದರೆ ಹೊರೆ ಯಾರ ಮೇಲೆ?



ಮರಿಯಮ್ಮನಹಳ್ಳಿಯ ಬಳಿ ನಿಂತು ತುಂಗಭದ್ರಾ ಜಲಾಶಯದ ಹಿನ್ನೀರನ್ನು ನೋಡುವವರಿಗೆ ಅರಬ್ಬೀ ಸಮುದ್ರವು ದೂರದ ಮಾತೆನಿಸುವುದು ಸಹಜ. ಕಾರವಾರದ ಕಡಲತೀರ ಇಲ್ಲಿಂದ ಇನ್ನೂರು ಕಿಲೋಮೀಟರಿಗೂ ಆಚೆಗಿದೆ. ಆದರೆ ಈ ಹಿನ್ನೀರಿನ ಬಹುಪಾಲು, ಅದೇ ಕಡಲಿನ ಮೇಲಿಂದ ಬಂದ ತೇವಭರಿತ ಗಾಳಿಯು ಪಶ್ಚಿಮಘಟ್ಟಕ್ಕೆ ಬಡಿದು ಸುರಿಸಿದ ಮಳೆಯಾಗಿದೆ. ಕಂಪ್ಲಿಯ ಭತ್ತ, ಹೊಸಪೇಟೆಯ ಬಾಳೆ ಮತ್ತು ಕಬ್ಬು, ಸಂಡೂರಿನ ಮಳೆಯಾಶ್ರಿತ ಹೊಲಗಳು ಈ ಗಾಳಿಯನ್ನೇ ನೆಚ್ಚಿಕೊಂಡಿವೆ. ಆದುದರಿಂದ ಕಡಲಿನ ಅಳತೆ ಹೇಗೆ ನಡೆಯುತ್ತದೆ, ಅದು ತಪ್ಪಿದಾಗ ಏನಾಗುತ್ತದೆ ಎಂಬುದನ್ನು ನೀವು ತಿಳಿದಿರುವುದು ಅಗತ್ಯ.

ಕಡಲನ್ನು ಅಳೆಯುವ ಬಗೆ

ಹೈದರಾಬಾದಿನಲ್ಲಿರುವ ಭಾರತೀಯ ರಾಷ್ಟ್ರೀಯ ಸಾಗರ ಮಾಹಿತಿ ಸೇವಾ ಕೇಂದ್ರವು (ಇನ್‌ಕಾಯಿಸ್) ದೇಶದ ಕರಾವಳಿಯುದ್ದಕ್ಕೂ ಅಲೆಮಾಪಕ ತೇಲುಸಾಧನಗಳನ್ನು ನೆಲೆಗೊಳಿಸಿದೆ. ಅವುಗಳಲ್ಲಿ ಒಂದು ನಮ್ಮ ಕಾರವಾರದ ಸಮೀಪದ ಕಡಲಿನಲ್ಲಿದೆ. ಹಳದಿ ಬಣ್ಣದ, ಒಂದು ಮೀಟರಿಗಿಂತ ಕಡಿಮೆ ಅಗಲದ ಈ ಗೋಳವನ್ನು ಸಮುದ್ರತಳದ ಭಾರಕ್ಕೆ ರಬ್ಬರಿನ ಹುರಿಯಿಂದ ಬಿಗಿದಿರುತ್ತಾರೆ. ಹುರಿಯು ಹಿಗ್ಗುವುದರಿಂದ ಗೋಳವು ಅಲೆಯೊಡನೆ ಏರಿಳಿಯುತ್ತದೆ. ಒಳಗಿನ ಉಪಕರಣವು ಆ ಏರಿಳಿತವನ್ನು ಲೆಕ್ಕಹಾಕಿ ಅಲೆಗಳ ಎತ್ತರ, ದಿಕ್ಕು ಮತ್ತು ಅವಧಿಯನ್ನು ದಡಕ್ಕೆ ರವಾನಿಸುತ್ತದೆ.

ಆಳ ಕಡಲಿನಲ್ಲಿ ಬೇರೆಯೇ ಬಗೆಯ ದೊಡ್ಡ ತೇಲುಸಾಧನಗಳಿವೆ. ಚೆನ್ನೈನ ರಾಷ್ಟ್ರೀಯ ಸಾಗರ ತಂತ್ರಜ್ಞಾನ ಸಂಸ್ಥೆಯು ಬಂಗಾಳ ಕೊಲ್ಲಿ ಮತ್ತು ಅರಬ್ಬೀ ಸಮುದ್ರಗಳಲ್ಲಿ ನಿರ್ವಹಿಸುವ ಇವು ಗಾಳಿ, ವಾಯುಭಾರ ಹಾಗೂ ತೇವಾಂಶವನ್ನಷ್ಟೇ ಅಲ್ಲದೆ, 500 ಮೀಟರ್ ಆಳದವರೆಗಿನ ನೀರಿನ ಉಷ್ಣತೆಯನ್ನೂ ಅಳೆಯುತ್ತವೆ. ಮುಂಗಾರಿನ ಗಣಕ ಮಾದರಿಗಳಿಗೆ ಕಡಲು ಎಷ್ಟು ಬಿಸಿಯನ್ನು ಕೂಡಿಟ್ಟುಕೊಂಡಿದೆ ಎಂಬ ಈ ಮಾಹಿತಿಯು ಬಹುಮುಖ್ಯ.

ಇನ್ನು ಕೆಲವು ಉಪಕರಣಗಳು ತಿಂಗಳುಗಟ್ಟಲೆ ಸಮುದ್ರತಳದಲ್ಲೇ ಇದ್ದು ಮಾಹಿತಿಯನ್ನು ತಮ್ಮೊಳಗೆ ದಾಖಲಿಸಿಕೊಳ್ಳುತ್ತವೆ. ಅವುಗಳನ್ನು ಮೇಲೆ ತರಲು ಹಡಗಿನಿಂದ ನೀರಿನೊಳಗೆ ಸಂಕೇತಧ್ವನಿಯನ್ನು ಕಳುಹಿಸುತ್ತಾರೆ. ಆ ಧ್ವನಿಯನ್ನು ಗುರುತಿಸಿದ ಕೊಂಡಿಯು ತೆರೆದುಕೊಂಡು ಭಾರವನ್ನು ತಳದಲ್ಲೇ ಬಿಡುತ್ತದೆ. ತೇಲುಗುಂಡುಗಳು ಉಪಕರಣವನ್ನು ಮೇಲಕ್ಕೆ ಒಯ್ಯುತ್ತವೆ. ಕೊಂಡಿ ತೆರೆಯದಿದ್ದರೆ ಉಪಕರಣದೊಡನೆ ಅಷ್ಟೂ ತಿಂಗಳ ದಾಖಲೆಯು ಕಡಲಿನ ಪಾಲಾಗುತ್ತದೆ.

ಜಾಲ ಹರಿದಾಗ

ಉಪಕರಣವನ್ನು ನೆಲೆಗೊಳಿಸುವುದಕ್ಕಿಂತ ಅದನ್ನು ಸುಸ್ಥಿತಿಯಲ್ಲಿ ಕಾಯ್ದುಕೊಳ್ಳುವುದೇ ಕಷ್ಟ. ಪೆಸಿಫಿಕ್ ಮಹಾಸಾಗರದಲ್ಲಿ ಎಲ್ ನಿನೊ ಬರುವಿಕೆಯನ್ನು ಗಮನಿಸಲು ಸುಮಾರು 70 ತೇಲುಸಾಧನಗಳ ಜಾಲವೊಂದು 1994ರಲ್ಲಿ ಪೂರ್ಣಗೊಂಡಿತು. 2012ರಲ್ಲಿ ಅಮೆರಿಕವು ಅವುಗಳ ನಿರ್ವಹಣಾ ಹಡಗನ್ನು ಸೇವೆಯಿಂದ ಹಿಂತೆಗೆದುಕೊಂಡಿತು. 2014ರ ಆರಂಭದ ವೇಳೆಗೆ ಆ ಜಾಲದಿಂದ ಬರಬೇಕಾದ ಮಾಹಿತಿಯಲ್ಲಿ ಶೇ 40ರಷ್ಟು ಮಾತ್ರ ಬರುತ್ತಿತ್ತು. ಬಳಿಕ ದುರಸ್ತಿ ನಡೆಯಿತಾದರೂ, ಕಳೆದುಹೋದ ದಿನಗಳ ಅಳತೆಯನ್ನು ಮರಳಿ ಪಡೆಯಲಾಗದು. ನಮ್ಮ ಕಡಲಿನಲ್ಲೂ ಮೀನುಗಾರಿಕಾ ದೋಣಿಗಳನ್ನು ತೇಲುಸಾಧನಗಳಿಗೆ ಕಟ್ಟುವುದರಿಂದ, ಬಿಡಿಭಾಗಗಳನ್ನು ಕಳಚುವುದರಿಂದ ಹಾನಿಯಾಗುತ್ತಿದೆ.

ಇದರ ಬೆಲೆ ಏನೆಂಬುದನ್ನು 2023 ನೆನಪಿಸುತ್ತದೆ. ಅಂದು ಮುಂಗಾರು ಕೇರಳವನ್ನು ತಲುಪಿದ್ದು ಜೂನ್ 8ರಂದು. ಅರಬ್ಬೀ ಸಮುದ್ರದಲ್ಲಿ ಆಗ ಬಿಪರ್‌ಜಾಯ್ ಚಂಡಮಾರುತವಿತ್ತು. ಪೆಸಿಫಿಕ್‌ನಲ್ಲಿ ಎಲ್ ನಿನೊ ಬಲಗೊಂಡಿತ್ತು. ದೇಶದಲ್ಲಿ ಆಗಸ್ಟ್ ತಿಂಗಳ ಮಳೆಯು ವಾಡಿಕೆಗಿಂತ ಶೇ 36ರಷ್ಟು ಕಡಿಮೆಯಾಯಿತು. ಕರ್ನಾಟಕದಲ್ಲಿ 223 ತಾಲ್ಲೂಕುಗಳನ್ನು ಬರಪೀಡಿತವೆಂದು ಘೋಷಿಸಲಾಯಿತು. ಇಂತಹ ವರ್ಷಗಳಲ್ಲಿ ವಾರವೊಂದರ ಮುನ್ಸೂಚನೆಯೂ ಬಿತ್ತನೆಬೀಜವನ್ನು ಉಳಿಸಬಲ್ಲದು.

ನಮ್ಮ ಮನೆಯಂಗಳದ ಪಾಠ

ಕಣ್ಣಿಗೆ ಕಾಣದ ಕೊಂಡಿಯ ಮಹತ್ವವನ್ನು ತುಂಗಭದ್ರೆಯೂ ಕಲಿಸಿದ್ದಾಳೆ. 2024ರ ಆಗಸ್ಟ್ 10ರ ರಾತ್ರಿ ಜಲಾಶಯದ 19ನೇ ಕ್ರೆಸ್ಟ್‌ಗೇಟಿನ ಸರಪಳಿ ತುಂಡಾಗಿ ಗೇಟು ಕೊಚ್ಚಿಹೋಯಿತು. ಒಂದು ವಾರದಲ್ಲಿ ತಾತ್ಕಾಲಿಕ ತಡೆಹಲಗೆಗಳನ್ನು ಅಳವಡಿಸುವಷ್ಟರಲ್ಲಿ ಮೂವತ್ತು ಟಿಎಂಸಿಗೂ ಹೆಚ್ಚು ನೀರು ಹೊರಹರಿಯಿತು. ಅದೃಷ್ಟವಶಾತ್ ಅನಂತರದ ಮಳೆಯಿಂದ ಜಲಾಶಯ ಮತ್ತೆ ತುಂಬಿತು. ಆದರೆ ಉಳಿದ ಗೇಟುಗಳ ಸ್ಥಿತಿಯನ್ನು ಗಮನಿಸಿ 2025ರಲ್ಲಿ ಸಂಗ್ರಹವನ್ನು 80 ಟಿಎಂಸಿಗೆ ಮಿತಿಗೊಳಿಸಲಾಯಿತು. ಎಲ್ಲ 33 ಗೇಟುಗಳ ಬದಲಾವಣೆಗಾಗಿ ಎರಡನೇ ಬೆಳೆಗೆ ನೀರು ಬಿಡದಿರುವ ನಿರ್ಧಾರವೂ ಹೊರಬಿದ್ದಿತು. ನಿರ್ಮಾಣಕಾಲದಲ್ಲಿ 133 ಟಿಎಂಸಿ ಇದ್ದ ಸಾಮರ್ಥ್ಯವು ಹೂಳಿನಿಂದಾಗಿ 105.788 ಟಿಎಂಸಿಗೆ ಇಳಿದಿದೆ. ಇದೂ ಸಹ ನೀರಿನಡಿಯ ತಳವನ್ನು ಸಮೀಕ್ಷೆಯಿಂದ ಅಳೆದ ಬಳಿಕವೇ ನಮಗೆ ಗೊತ್ತಾದ ಸಂಗತಿ.

ಕಡಲಿನ ಕೊಂಡಿಯಾಗಲಿ, ಗೇಟಿನ ಸರಪಳಿಯಾಗಲಿ, ಕಾಲಕಾಲಕ್ಕೆ ಪರೀಕ್ಷಿಸದೆ ಬಿಟ್ಟದ್ದರ ಹೊರೆಯು ಕೊನೆಗೆ ಬೀಳುವುದು ಬೆಳೆಗಾರನ ಹೆಗಲ ಮೇಲೆಯೇ.

ನೀವು ಗಮನಿಸಬೇಕಾದ ಅಂಶಗಳು

1. ತೇಲುಸಾಧನದ ಮಾಹಿತಿಯು ಸಂಡೂರಿನಲ್ಲಿ ಯಾವ ದಿನ ಮಳೆ ಬೀಳುತ್ತದೆಂದು ನೇರವಾಗಿ ಹೇಳದು. ಏಪ್ರಿಲ್‌ನಲ್ಲಿ ಪ್ರಕಟವಾಗುವ ಮುಂಗಾರು ಮುನ್ಸೂಚನೆಯು ಇಡೀ ದೇಶಕ್ಕೆ ಸಂಬಂಧಿಸಿದ್ದು. ಅದೊಂದನ್ನೇ ನಂಬಿ ಬೆಳೆಯನ್ನು ಆಯ್ಕೆಮಾಡಬೇಡಿ.

2. ಹವಾಮಾನ ಇಲಾಖೆಯು ಪ್ರತಿ ಗುರುವಾರ ನೀಡುವ ವಿಸ್ತೃತ ಅವಧಿಯ ಮುನ್ಸೂಚನೆಯನ್ನು ಸಸಿಮಡಿ ಹಾಗೂ ಬಿತ್ತನೆಯ ಸಿದ್ಧತೆಗೂ, ಮಂಗಳವಾರ ಮತ್ತು ಶುಕ್ರವಾರಗಳ ಕೃಷಿ ಹವಾಮಾನ ಪತ್ರಿಕೆಯನ್ನು ಗೊಬ್ಬರ ಹಾಗೂ ಸಿಂಪರಣೆಯ ನಿರ್ಧಾರಕ್ಕೂ ಬಳಸಿರಿ.

3. ಅಚ್ಚುಕಟ್ಟಿನ ರೈತರು ನೀರಾವರಿ ಸಲಹಾ ಸಮಿತಿಯ ತೀರ್ಮಾನ ಪ್ರಕಟವಾಗುವ ಮುನ್ನ ಭತ್ತದ ಸಸಿಮಡಿಗೆ ಪೂರ್ಣ ಬೀಜವನ್ನು ತೊಡಗಿಸದಿರುವುದು ಕ್ಷೇಮ. ನೀರು ತಡವಾಗುವ ಲಕ್ಷಣವಿದ್ದರೆ ಅಲ್ಪಾವಧಿ ತಳಿಗಳನ್ನು ಆರಿಸಿಕೊಳ್ಳಿರಿ. ನೀರಿಲ್ಲದ ಹಂಗಾಮಿನಲ್ಲಿ ಮಣ್ಣಿನ ಉಳಿಕೆ ತೇವದಲ್ಲಿ ಕಡಲೆ ಅಥವಾ ಹಿಂಗಾರಿ ಜೋಳವನ್ನು ಪರಿಗಣಿಸಿರಿ.

4. ಗ್ರಾಮ ಪಂಚಾಯಿತಿಗಳಲ್ಲಿ ರಾಜ್ಯ ನೈಸರ್ಗಿಕ ವಿಕೋಪ ಉಸ್ತುವಾರಿ ಕೇಂದ್ರದ ಸ್ವಯಂಚಾಲಿತ ಮಳೆಮಾಪಕಗಳಿವೆ. ತೋಟಗಾರಿಕಾ ಬೆಳೆಗಳ ಹವಾಮಾನ ಆಧಾರಿತ ವಿಮೆಯ ಪರಿಹಾರವನ್ನು ಲೆಕ್ಕಹಾಕುವುದು ಇಂತಹ ಮಾಪಕಗಳ ಅಂಕಿಅಂಶದ ಮೇಲೆ. ಅದರ ಬಾಯಿಗೆ ಎಲೆ, ಹಕ್ಕಿಗೂಡು ತುಂಬಿದ್ದರೆ ಅಥವಾ ಮರದ ಕೊಂಬೆ ಮೇಲೆ ಚಾಚಿದ್ದರೆ ಕೂಡಲೇ ಪಂಚಾಯಿತಿಗೆ ಲಿಖಿತವಾಗಿ ತಿಳಿಸಿರಿ.

5. ವಿಸ್ತರಣಾ ಕಾರ್ಯಕರ್ತರು ಮುಂಗಾರಿಗೆ ಮುನ್ನವೇ ತಮ್ಮ ವ್ಯಾಪ್ತಿಯ ಮಾಪಕಗಳನ್ನು ಖುದ್ದಾಗಿ ನೋಡಿ ಬರುವುದು, ಪ್ರತಿ ಊರಿನಲ್ಲಿ ಒಬ್ಬ ರೈತರಾದರೂ ಸರಳ ಮಳೆಮಾಪಕವಿಟ್ಟು ಬೆಳಿಗ್ಗೆ 8.30ಕ್ಕೆ ದಿನದ ಮಳೆಯನ್ನು ಬರೆದಿಡುವಂತೆ ಪ್ರೇರೇಪಿಸುವುದು ಉಚಿತ.

ಕಡಲ ನಡುವಿನ ತೇಲುಸಾಧನವನ್ನು ಕಾಯುವುದು ನಮ್ಮ ಕೈಯಲ್ಲಿಲ್ಲ. ಪಂಚಾಯಿತಿಯ ಅಂಗಳದಲ್ಲಿರುವ ಮಳೆಮಾಪಕವನ್ನು ಕಾಯುವುದು ನಮ್ಮ ಕೈಯಲ್ಲಿಯೇ ಇದೆ.