ಗೂಡಿನ ಮಾರುಕಟ್ಟೆಗೆ ಬರಲಿ ಕಾಲೇಜಿನ ಅರ್ಥಶಾಸ್ತ್ರ



ನಿಮ್ಮ ಮಗನೋ ಮಗಳೋ ದೊಡ್ಡಬಳ್ಳಾಪುರ, ದೇವನಹಳ್ಳಿ, ಹೊಸಕೋಟೆ, ನೆಲಮಂಗಲದ ಯಾವುದಾದರೂ ಕಾಲೇಜಿನಲ್ಲಿ ಅರ್ಥಶಾಸ್ತ್ರ ಓದುತ್ತಿದ್ದರೆ, ಇವತ್ತು ರಾತ್ರಿ ಊಟಕ್ಕೆ ಕೂತಾಗ ಒಂದು ಪರೀಕ್ಷೆ ಮಾಡಿ. ಬೇಡಿಕೆಯ ನಿಯಮ ಅಂದರೆ ಏನಪ್ಪಾ ಅಂತ ಕೇಳಿ. ಪಟಪಟ ಅಂತ ಒಪ್ಪಿಸುತ್ತಾರೆ. ಪರಿಪೂರ್ಣ ಪೈಪೋಟಿಯ ಲಕ್ಷಣಗಳು ಎಷ್ಟು ಅಂತ ಕೇಳಿ, ಅದನ್ನೂ ಹೇಳುತ್ತಾರೆ. ಆಮೇಲೆ, ಹೋದ ವರ್ಷ ನಮ್ಮ ಹೊಲದಲ್ಲಿ ಒಂದು ಕ್ವಿಂಟಾಲ್ ರಾಗಿ ಬೆಳೆಯೋಕೆ ಎಷ್ಟು ಖರ್ಚು ಬಿತ್ತು ಅಂತ ಕೇಳಿ. ತಟ್ಟೆ ನೋಡುತ್ತಾ ಕೂರುತ್ತಾರೆ. ತಪ್ಪು ಮಕ್ಕಳದ್ದಲ್ಲ. ಅವರು ಓದುವ ಪುಸ್ತಕದಲ್ಲಿ ಅವರಪ್ಪನ ಹೊಲವೇ ಇಲ್ಲ.

ಬೋರ್ಡಿನ ಮೇಲೆ ಕತ್ತರಿಯ ಹಾಗೆ ಎರಡು ಗೆರೆ ಎಳೆಯುತ್ತಾರೆ, ಎರಡೂ ಕೂಡುವ ಜಾಗವೇ ಬೆಲೆ ಅನ್ನುತ್ತಾರೆ. ಆ ಗೆರೆ ಸುಳ್ಳು ಅಂತ ನಾನು ಹೇಳುತ್ತಿಲ್ಲ. ಆದರೆ ವಿಜಯಪುರದ ಗೂಡಿನ ಮಾರುಕಟ್ಟೆಯಲ್ಲಿ ಲಾಟು ಸುರಿದು ರೀಲರ ಮುಖ ನೋಡುತ್ತಾ ನಿಂತವನಿಗೆ ಬೆಲೆ ಗೆರೆಗಳ ಸಂಧಿಯಲ್ಲಿ ಹುಟ್ಟಿದ್ದು ಕಂಡಿಲ್ಲ. ಯಾರು ಎಷ್ಟು ಜನ ಬಂದಿದ್ದಾರೆ, ಯಾರಿಗೆ ಕಾಯುವ ತಾಕತ್ತಿದೆ, ಯಾರಿಗಿಲ್ಲ, ಇದರ ಮೇಲೆ ಬೆಲೆ ನಿಂತಿರುತ್ತದೆ. ಇದನ್ನು ಕಾಲೇಜಿನಲ್ಲಿ ಕಲಿಸಲು ಬರುತ್ತದೆಯೇ? ಬರುತ್ತದೆ, ಅದೂ ದುಡ್ಡಿಲ್ಲದೆ, ನಾಲ್ಕು ಚೀಟಿ ಇದ್ದರೆ ಸಾಕು.

ಅಮೆರಿಕದಲ್ಲಿ ವರ್ನನ್ ಸ್ಮಿತ್ ಅಂತ ಒಬ್ಬ ಮೇಷ್ಟ್ರು. ಹುಡುಗನಾಗಿದ್ದಾಗ ಅವರ ಕುಟುಂಬ ಕಾನ್ಸಾಸ್ ಸೀಮೆಯಲ್ಲಿ ಬೇಸಾಯಕ್ಕಿಳಿದು, 1930ರ ದಶಕದ ಮುಗ್ಗಟ್ಟಿನಲ್ಲಿ ಬ್ಯಾಂಕಿನ ಸಾಲಕ್ಕೆ ಜಮೀನು ಕಳೆದುಕೊಂಡಿತು. ಹಾಗಾಗಿ ನಮ್ಮ ಕಷ್ಟ ಅವರಿಗೆ ಹೊಸದೇನಲ್ಲ. ಹಾರ್ವರ್ಡಿನಲ್ಲಿ ಚೇಂಬರ್ಲಿನ್ ಎಂಬ ಗುರು ತರಗತಿಯಲ್ಲೇ ಮಾರುಕಟ್ಟೆ ಆಡಿಸುವುದನ್ನು ನೋಡಿದ್ದ ಸ್ಮಿತ್, 1956ರಲ್ಲಿ ಪರ್ಡ್ಯೂ ವಿಶ್ವವಿದ್ಯಾನಿಲಯದ ತಮ್ಮ ತರಗತಿಯಲ್ಲಿ ಅದನ್ನು ಬೇರೆ ರೀತಿಯಲ್ಲಿ ಶುರುಮಾಡಿದರು. ಅರ್ಧ ಹುಡುಗರು ಮಾರುವವರು, ಅರ್ಧ ಹುಡುಗರು ಕೊಳ್ಳುವವರು. ಒಬ್ಬೊಬ್ಬರಿಗೆ ಒಂದೊಂದು ಚೀಟಿ. ಮಾರುವವನ ಚೀಟಿಯಲ್ಲಿ ಅವನ ಖರ್ಚು, ಕೊಳ್ಳುವವನ ಚೀಟಿಯಲ್ಲಿ ಅವನು ಕೊಡಬಲ್ಲ ಹೆಚ್ಚಿನ ಬೆಲೆ. ಒಬ್ಬರ ಚೀಟಿ ಇನ್ನೊಬ್ಬರಿಗೆ ತೋರಿಸುವಂತಿಲ್ಲ. ಕೂಗಿ ವ್ಯಾಪಾರ ಮಾಡಬೇಕು. ಆ ಚೀಟಿಯ ಆಟವೇ ಬೆಳೆದು ಒಂದು ಶಾಸ್ತ್ರವಾಗಿ 2002ರಲ್ಲಿ ಅವರಿಗೆ ನೊಬೆಲ್ ಪ್ರಶಸ್ತಿ ತಂದಿತು.

ಈಗ ಅದೇ ಆಟವನ್ನು ನಮ್ಮ ಕಾಲೇಜಿಗೆ ತನ್ನಿ. ಮೊದಲ ದಿನ ಹತ್ತು ಜನ ಬೆಳೆಗಾರರು, ಹತ್ತು ಜನ ರೀಲರು. ಎಲ್ಲರೂ ಬಹಿರಂಗವಾಗಿ ಕೂಗಲಿ. ನಾಲ್ಕೈದು ಸುತ್ತು ಆಗುವಷ್ಟರಲ್ಲಿ ಬೆಲೆ ಪುಸ್ತಕ ಹೇಳುವ ಜಾಗದ ಹತ್ತಿರವೇ ನಿಲ್ಲುತ್ತದೆ, ಪುಸ್ತಕಕ್ಕೂ ಮರ್ಯಾದೆ ಉಳಿಯುತ್ತದೆ. ಎರಡನೇ ದಿನ ರೀಲರು ಮೂರೇ ಜನ, ಗಂಟೆ ಹೊಡೆಯುವುದರೊಳಗೆ ಮಾರದ ಗೂಡಿಗೆ ಬೆಲೆ ಸೊನ್ನೆ. ಯಾಕೆ ಸೊನ್ನೆ ಅಂತ ಪಟ್ಟಣದ ಹುಡುಗ ಕೇಳುತ್ತಾನೆ. ಆಗ ನಮ್ಮ ಹಳ್ಳಿಯ ಹುಡುಗಿ ಎದ್ದು ನಿಂತು ಹೇಳಲಿ: ಹುಳ ಚಂದ್ರಿಕೆಗೆ ಹತ್ತಿದ ಹತ್ತು ಹನ್ನೆರಡು ದಿನಕ್ಕೆ ಚಿಟ್ಟೆ ಗೂಡು ಚುಚ್ಚಿ ಆಚೆ ಬರುತ್ತದೆ, ಚುಚ್ಚಿದ ಗೂಡಿನಲ್ಲಿ ಎಳೆ ಬಿಚ್ಚಲು ಬರುವುದಿಲ್ಲ, ಅದಕ್ಕೇ ನಮ್ಮಪ್ಪ ಬಂದ ರೇಟಿಗೆ ಕೊಟ್ಟು ಬರೋದು. ಮೂರನೇ ದಿನ ಬಹಿರಂಗ ಹರಾಜು ಬಿಟ್ಟು ಒಬ್ಬೊಬ್ಬ ಬೆಳೆಗಾರನನ್ನೂ ಮೂಲೆಗೆ ಕರೆದು ರೀಲರ್ ಗುಟ್ಟಾಗಿ ರೇಟು ಹೇಳಲಿ. ಮೂರು ದಿನದ ರೇಟನ್ನೂ ಬೋರ್ಡಿನ ಮೇಲೆ ಒಂದರ ಪಕ್ಕ ಒಂದು ಬರೆದು ನೋಡಲಿ. ಗೂಡನ್ನು ಸರ್ಕಾರಿ ಮಾರುಕಟ್ಟೆಯಲ್ಲೇ ಹರಾಜು ಹಾಕಬೇಕೆಂಬ 1959ರ ಕಾಯ್ದೆ ಯಾಕೆ ಬಂತು ಅಂತ ಆಮೇಲೆ ಯಾರೂ ಬಾಯಿಪಾಠ ಮಾಡಬೇಕಾಗಿಲ್ಲ.

ದೊಡ್ಡಬಳ್ಳಾಪುರದಲ್ಲಿ ಈ ಪಾಠಕ್ಕೆ ಇನ್ನೊಂದು ರುಚಿ ಇದೆ. ಅದು ಮಗ್ಗದ ಊರು. ಒಂದೇ ಬೆಂಚಿನಲ್ಲಿ ಪವರ್‌ಲೂಮ್ ನೇಕಾರರ ಮಗನೂ ರೇಷ್ಮೆ ಬೆಳೆಗಾರರ ಮಗಳೂ ಕೂತಿರುತ್ತಾರೆ. 2011ರ ಕೇಂದ್ರ ಬಜೆಟ್ಟಿನಲ್ಲಿ ಕಚ್ಚಾ ರೇಷ್ಮೆಯ ಆಮದು ಸುಂಕವನ್ನು ಶೇಕಡಾ 30ರಿಂದ 5ಕ್ಕೆ ಇಳಿಸಿದರು. ಚೀನಾದ ನೂಲು ಅಗ್ಗವಾದರೆ ನೇಕಾರನಿಗೆ ಉಸಿರು ಬರುತ್ತದೆ, ಗೂಡು ಬೆಳೆಯುವವನಿಗೆ ಉಸಿರು ಕಟ್ಟುತ್ತದೆ. ಇವರಿಬ್ಬರನ್ನೂ ಎದುರುಬದುರು ನಿಲ್ಲಿಸಿ, ಸುಂಕ ಎಷ್ಟಿರಬೇಕು ಅಂತ ವಾದ ಮಾಡಿಸಬೇಕು. ಅದಕ್ಕಿಂತ ಮುಖ್ಯವಾಗಿ, ಅರ್ಧ ಗಂಟೆ ಆದಮೇಲೆ ಪಾತ್ರ ಅದಲು ಬದಲು ಮಾಡಬೇಕು. ಬೆಳೆಗಾರನ ಮಗಳು ನೇಕಾರನ ಪರವಾಗಿ ಮಾತಾಡಲಿ. ನಮ್ಮ ಸಂಘಟನೆಗಳ ಸಭೆಗಳಲ್ಲೂ ಈ ಆಟ ಆಡಿಸಬೇಕು ಅಂತ ನನಗೆ ಎಷ್ಟೋ ಸಲ ಅನ್ನಿಸಿದೆ, ಆ ಮಾತು ಬೇರೆ.

ಇನ್ನು ರಾಗಿಯ ವಿಷಯಕ್ಕೆ ಬರೋಣ, ಯಾಕಂದರೆ ನಮ್ಮ ಹೊಟ್ಟೆಯೂ ಚಳವಳಿಯೂ ನಿಂತಿರುವುದು ಅಲ್ಲಿ. 2025-26ರ ಮುಂಗಾರಿಗೆ ಕೇಂದ್ರ ಸರ್ಕಾರ ರಾಗಿಗೆ ಕ್ವಿಂಟಾಲಿಗೆ 4,886 ರೂಪಾಯಿ ಬೆಂಬಲ ಬೆಲೆ ಗೊತ್ತುಮಾಡಿತು. ಖರ್ಚು 3,257 ರೂಪಾಯಿ, ಅದರ ಮೇಲೆ ಅರ್ಧದಷ್ಟು ಲಾಭ ಸೇರಿಸಿ ಕೊಟ್ಟಿದ್ದೇವೆ ಎಂಬುದು ಅವರ ಮಾತು. ಯಾವ ಖರ್ಚು ಸ್ವಾಮಿ? ಬೀಜ, ಗೊಬ್ಬರ, ಟ್ರ್ಯಾಕ್ಟರ್ ಬಾಡಿಗೆ, ಕೂಲಿ ಹೀಗೆ ಕೈಯಿಂದ ಬಿಚ್ಚಿಕೊಟ್ಟ ದುಡ್ಡು ಒಂದು. ಮನೆಮಂದಿಯ ದುಡಿಮೆಗೆ ಕಟ್ಟಿದ ಬೆಲೆ ಎರಡು. ಇವೆರಡನ್ನೇ ಸೇರಿಸಿ ಸರ್ಕಾರ ಖರ್ಚು ಅನ್ನುತ್ತದೆ. ಸ್ವಂತ ಜಮೀನಿನ ಗುತ್ತಿಗೆ, ಹಾಕಿದ ಬಂಡವಾಳದ ಬಡ್ಡಿ ಇವನ್ನೂ ಸೇರಿಸಿದ ಮೂರನೇ ಲೆಕ್ಕ ಒಂದಿದೆ, ಅದಕ್ಕೆ ಸಿ-2 ಅಂತ ಹೆಸರು. ಸ್ವಾಮಿನಾಥನ್ ಅಧ್ಯಕ್ಷತೆಯ ರಾಷ್ಟ್ರೀಯ ರೈತ ಆಯೋಗ ಖರ್ಚಿನ ಮೇಲೆ ಕನಿಷ್ಠ ಶೇಕಡಾ 50 ಹೆಚ್ಚು ಕೊಡಿ ಎಂದು 2006ರಲ್ಲಿ ಹೇಳಿದ ಮೇಲೆ ದೆಹಲಿಯಿಂದ ಹಳ್ಳಿಯವರೆಗೆ ನಡೆದಿರುವ ಜಗಳವೆಲ್ಲ ಯಾವ ಖರ್ಚು ಎಂಬ ಒಂದೇ ಪದದ ಮೇಲೆ.

ಅರ್ಥಶಾಸ್ತ್ರದ ತರಗತಿಗೆ ಇದಕ್ಕಿಂತ ಒಳ್ಳೆಯ ಮನೆಗೆಲಸ ಯಾವುದಿದೆ? ಮೂವತ್ತು ವಿದ್ಯಾರ್ಥಿಗಳು ಮೂವತ್ತು ಮನೆಗಳ ರಾಗಿಯ ಲೆಕ್ಕ ಬರೆದು ತರಲಿ. ಅಮ್ಮ ಕಳೆ ಕಿತ್ತ ದಿನಗಳೆಷ್ಟು, ಅದಕ್ಕೆ ಗಂಡಾಳಿನ ಕೂಲಿ ಕಟ್ಟಬೇಕೋ ಹೆಣ್ಣಾಳಿನ ಕೂಲಿಯೋ? ಆ ಕೂಲಿಗಳಲ್ಲಿ ವ್ಯತ್ಯಾಸ ಯಾಕೆ? ವಿಮಾನ ನಿಲ್ದಾಣದ ಪಕ್ಕದ ಹೊಲಕ್ಕೆ ಗುತ್ತಿಗೆಯ ಲೆಕ್ಕ ಹಿಡಿಯಬೇಕೋ, ಎಕರೆಗೆ ಕೋಟಿ ಅನ್ನುವ ದಲ್ಲಾಳಿಯ ಲೆಕ್ಕವೋ? ಪುಸ್ತಕದಲ್ಲಿ ಅವಕಾಶ ವೆಚ್ಚ ಅಂತ ಒಂದು ಅಧ್ಯಾಯವಿದೆ. ಚನ್ನರಾಯಪಟ್ಟಣ ಹೋಬಳಿಯ 13 ಹಳ್ಳಿಗಳ ರೈತರು 2022ರಿಂದ ಸಾವಿರಕ್ಕೂ ಹೆಚ್ಚು ದಿನ ಧರಣಿ ಕೂತು, 2025ರ ಜುಲೈನಲ್ಲಿ 1,777 ಎಕರೆಯ ಭೂಸ್ವಾಧೀನ ಕೈಬಿಡುವಂತೆ ಮಾಡಿದ್ದು ಆ ಅಧ್ಯಾಯವೇ. ಪರಿಹಾರದ ಹಣವನ್ನು ಬ್ಯಾಂಕಿನಲ್ಲಿಟ್ಟರೆ ಬರುವ ಬಡ್ಡಿ ಎಷ್ಟು, ದ್ರಾಕ್ಷಿ, ತರಕಾರಿ, ಹಾಲು ವರ್ಷಕ್ಕೆ ಕೊಡುವುದೆಷ್ಟು, ಎರಡನ್ನೂ ಬೋರ್ಡಿನ ಮೇಲೆ ಬರೆಸಿ. ಮಾರುವುದೇ ಸರಿ ಎಂದು ಒಬ್ಬ ಹುಡುಗ ಲೆಕ್ಕ ಹಾಕಿ ತೋರಿಸಿದರೆ ಅವನ ಬಾಯಿ ಮುಚ್ಚಿಸಬಾರದು. ಅವನಿಗೂ ಕಾರಣ ಇರುತ್ತದೆ.

ಸಾಲದ ಪಾಠವಂತೂ ತಡಮಾಡುವಂಥದ್ದಲ್ಲ. ಸಂಘದವರೋ ಫೈನಾನ್ಸಿನವರೋ ಮನೆಗೆ ಬಂದು ಐವತ್ತು ಸಾವಿರ ಕೊಟ್ಟು, ಬರೀ ನೂರಕ್ಕೆ ಹನ್ನೆರಡು ಬಡ್ಡಿ ಅಂದರು ಅಂತಿಟ್ಟುಕೊಳ್ಳಿ. ವರ್ಷದ ಬಡ್ಡಿ 6,000 ಸೇರಿಸಿ 56,000ವನ್ನು 12 ಕಂತಿನಲ್ಲಿ ಕಟ್ಟಬೇಕು, ತಿಂಗಳಿಗೆ 4,667 ರೂಪಾಯಿ. ಆದರೆ ಐವತ್ತು ಸಾವಿರ ವರ್ಷವಿಡೀ ನಿಮ್ಮ ಕೈಲಿತ್ತೇ? ಪ್ರತಿ ತಿಂಗಳೂ ಅಸಲು ಕರಗುತ್ತಾ ಹೋಯಿತು, ಬಡ್ಡಿ ಮಾತ್ರ ಪೂರ್ತಿ ಐವತ್ತು ಸಾವಿರಕ್ಕೇ ಬಿತ್ತು. ಉಳಿದ ಅಸಲಿನ ಮೇಲೆ ಲೆಕ್ಕ ಹಾಕಿದರೆ ಅದು ಶೇಕಡಾ 21ನ್ನು ದಾಟುತ್ತದೆ. ಎರಡನೇ ವರ್ಷದ ಹುಡುಗಿ ಕಂಪ್ಯೂಟರಿನಲ್ಲಿ ಐದು ನಿಮಿಷಕ್ಕೆ ಇದನ್ನು ಮಾಡಬಲ್ಲಳು, ಆದರೆ ಅವಳಮ್ಮ ಹೆಬ್ಬೆಟ್ಟು ಒತ್ತುವಾಗ ಪಕ್ಕದಲ್ಲಿ ಅವಳಿರುವುದಿಲ್ಲ. ಕಿರುಸಾಲದ ಕಿರುಕುಳ ತಡೆಯಲು 2025ರಲ್ಲಿ ರಾಜ್ಯ ಸರ್ಕಾರ ಸುಗ್ರೀವಾಜ್ಞೆ ತಂದಿತು, ಸರಿ. ಸಹಿ ಹಾಕುವ ಮುಂಚಿನ ಲೆಕ್ಕವನ್ನು ಯಾವ ಸುಗ್ರೀವಾಜ್ಞೆಯೂ ಹಾಕಿಕೊಡುವುದಿಲ್ಲ.

ಇದೆಲ್ಲ ಹೊಸದೇ? 1980ರಲ್ಲಿ ರೈತ ಸಂಘ ಹುಟ್ಟಿದಾಗ ಪ್ರೊಫೆಸರ್ ನಂಜುಂಡಸ್ವಾಮಿಯವರು ಹಳ್ಳಿ ಹಳ್ಳಿಗಳ ಅಧ್ಯಯನ ಶಿಬಿರಗಳಲ್ಲಿ ಮಾಡಿದ್ದು ಇದನ್ನೇ. ಕಾಲೇಜಿನಲ್ಲಿ ಅವರು ಹೇಳುತ್ತಿದ್ದ ಪಾಠ ಕಾನೂನು, ನಮಗೆ ಹೇಳಿದ್ದು ಅರ್ಥಶಾಸ್ತ್ರ. ಸರಿಯಾದ ಬೆಲೆ ಕೊಡದೆ ಸರ್ಕಾರ ಉಳಿಸಿಕೊಂಡ ಹಣದ ಲೆಕ್ಕ ಹಾಕಿ, ರೈತ ಸಾಲಗಾರನಲ್ಲ, ಸರ್ಕಾರವೇ ಬಾಕಿದಾರ ಎಂದು ಅಕ್ಷರ ಬಾರದ ಹಿರಿಯರೂ ವಾದ ಮಾಡುತ್ತಿದ್ದರು. ಆ ಹಿರಿಯರ ಮೊಮ್ಮಕ್ಕಳು ಇವತ್ತು ಡಿಗ್ರಿ ಓದಿಯೂ ಆ ವಾದ ಮಾಡಲಾರರು ಅನ್ನುವುದು ನನ್ನ ಹೊಟ್ಟೆಯುರಿ.

ಉಪನ್ಯಾಸಕರನ್ನು ಬೈದು ಪ್ರಯೋಜನವಿಲ್ಲ. ಎಷ್ಟೋ ಸರ್ಕಾರಿ ಕಾಲೇಜುಗಳು ನಡೆಯುತ್ತಿರುವುದೇ ಅತಿಥಿ ಉಪನ್ಯಾಸಕರಿಂದ, ಮುಂದಿನ ವರ್ಷ ಕೆಲಸ ಇರುತ್ತದೋ ಇಲ್ಲವೋ ಎಂಬ ಚಿಂತೆಯಲ್ಲಿರುವವರು ಅವರು. 2021ರಲ್ಲಿ ನಾಲ್ಕು ವರ್ಷದ ಪದವಿ ಬಂತು, 2024ರಲ್ಲಿ ಮತ್ತೆ ಮೂರು ವರ್ಷಕ್ಕೆ ತಿರುಗಿತು, ಅವರು ಪಠ್ಯದ ಹಿಂದೆ ಓಡುವುದೇ ಆಯಿತು. ಆದರೂ ಆಂತರಿಕ ಅಂಕ ಅಂತ ಅವರ ಕೈಯಲ್ಲಿ ಒಂದಿಷ್ಟು ಇರುತ್ತದೆ. ಆ ಅಂಕಗಳನ್ನು ರಾಗಿಯ ಲೆಕ್ಕಕ್ಕೆ, ಗೂಡಿನ ಆಟಕ್ಕೆ ಕೊಡಿ ಅಂತ ಪೋಷಕರ ಸಭೆಯಲ್ಲಿ ನಾವು ಕೇಳಬೇಕು. ಪೋಷಕರ ಸಭೆಗೆ ನಾವು ಹೋಗುವುದೇ ಇಲ್ಲ ಅನ್ನುವುದು ಬೇರೆ.

ನಮ್ಮ ಕಡೆಯ ಕೆಲಸ ಇನ್ನೂ ಕಷ್ಟದ್ದು. ಮಕ್ಕಳು ಲೆಕ್ಕ ಕೇಳಿದರೆ, ಓದೋದು ಬಿಟ್ಟು ಇದೆಲ್ಲ ನಿನಗ್ಯಾಕೆ ಅಂತ ಗದರುತ್ತೇವೆ. ಸಾಲ ಎಷ್ಟಿದೆ ಅಂತ ಹೆಂಡತಿಗೇ ಹೇಳದವರು ಮಗಳಿಗೆ ಹೇಳುತ್ತೇವೆಯೇ? ಈ ಮುಂಗಾರಿಗೆ ಮೊದಲ ಉಳುಮೆಯ ದಿನದಿಂದ ಒಂದು ನೋಟುಬುಕ್ಕು ಇಡಿ. ಗೊಬ್ಬರದ ಅಂಗಡಿಯ ರಸೀದಿ, ಮಾರುಕಟ್ಟೆಯ ಚೀಟಿ, ಬ್ಯಾಂಕಿನ ನೋಟೀಸು ಎಲ್ಲವನ್ನೂ ಒಂದು ಚೀಲಕ್ಕೆ ಹಾಕಿಡಿ, ಸೂರಿಗೆ ಸಿಕ್ಕಿಸಿ ಮರೆಯಬೇಡಿ. ಬರೆಯುವ ಕೆಲಸ ಮಕ್ಕಳಿಗೇ ಬಿಡಿ. ಸುಗ್ಗಿ ಮುಗಿದ ಮೇಲೆ ಆ ಪುಸ್ತಕವನ್ನು ಅವರು ಕಾಲೇಜಿಗೆ ಒಯ್ಯಲಿ, ಅದರ ಒಂದು ನಕಲು ನಮ್ಮ ಗ್ರಾಮ ಘಟಕಕ್ಕೂ ಬರಲಿ. ಮುಂದಿನ ಸಲ ಬೆಂಬಲ ಬೆಲೆಯ ಮಾತು ಬಂದಾಗ ತಾಲ್ಲೂಕು ಕಚೇರಿಗೆ ಮನವಿಯ ಜೊತೆ ಅವನ್ನೂ ಹೊತ್ತುಕೊಂಡು ಹೋಗೋಣ.