ಮೂರರೊಳಗಿನ ಕೂಸಿಗೆ ವಾರಕ್ಕೊಂದು ತಾಸು

ಅಂಗನವಾಡಿಗಳಲ್ಲೇ ಎಲ್‌ಕೆಜಿ, ಯುಕೆಜಿ ತೆರೆಯುವ ಸರ್ಕಾರದ ತೀರ್ಮಾನಕ್ಕೆ ಎಲ್ಲೆಡೆ ಮೆಚ್ಚುಗೆ. 2024ರಲ್ಲಿ ಕಲ್ಯಾಣ ಕರ್ನಾಟಕದ ಸರ್ಕಾರಿ ಶಾಲೆಗಳಿಗೆ ಈ ತರಗತಿಗಳು ಬಂದಾಗ ಅಂಗನವಾಡಿ ಕಾರ್ಯಕರ್ತೆಯರು ಬೀದಿಗಿಳಿದದ್ದು ನ್ಯಾಯವಾಗಿಯೇ ಇತ್ತು. ಆದರೂ ಈ ತೀರ್ಮಾನದ ಆದ್ಯತೆ ತಪ್ಪು. ಸಮವಸ್ತ್ರ, ಬ್ಯಾಗು, ಅಕ್ಷರ ಎಲ್ಲವೂ ಮೂರು ತುಂಬಿದ ಮಕ್ಕಳಿಗೆ. ಮಿದುಳು ಅತಿ ವೇಗವಾಗಿ ಬೆಳೆಯುವುದು ಅದಕ್ಕೂ ಮೊದಲು.

ಆ ವಯಸ್ಸಿನ ಕೂಸಿಗೆ ಅಂಗನವಾಡಿ ಎಂದರೆ ಇಂದಿಗೂ ಪೌಷ್ಟಿಕ ಆಹಾರದ ಪೊಟ್ಟಣ ಮತ್ತು ತಿಂಗಳ ತೂಕ. 1975ರಲ್ಲಿ ಟಿ. ನರಸೀಪುರದಿಂದ ನಮ್ಮ ರಾಜ್ಯದಲ್ಲಿ ಶುರುವಾದ ಅಂಗನವಾಡಿ ಯೋಜನೆಗೆ ಐವತ್ತು ತುಂಬಿತು. ರಾಜ್ಯದಲ್ಲಿ ವಯಸ್ಸಿಗೆ ತಕ್ಕ ಎತ್ತರ ಬೆಳೆಯದ ಮಕ್ಕಳು ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಯ ನಾಲ್ಕನೇ ಸುತ್ತಿನಲ್ಲಿ ಶೇ 36.2 ಇದ್ದರು, ಐದನೆಯದರಲ್ಲಿ ಶೇ 35.4. ಇನ್ನಷ್ಟು ಹಾಲು, ಇನ್ನಷ್ಟು ಮೊಟ್ಟೆ ಕೊಡಿ ಎನ್ನುವವರಿದ್ದಾರೆ. ಕೊಡಲೇಬೇಕು. ಅಷ್ಟೇ ಸಾಕೆಂದು ನಂಬಿರುವುದೇ ತೊಂದರೆ.

ಜಮೈಕಾದ ಕಿಂಗ್‌ಸ್ಟನ್ನಿನಲ್ಲಿ 1986–87ರಲ್ಲಿ ಹೀಗೆ ಬೆಳವಣಿಗೆ ಕುಂಠಿತವಾದ 129 ಕೂಸುಗಳನ್ನು ಆರಿಸಿಕೊಂಡರು. ಕೆಲವರಿಗೆ ಪೂರಕ ಆಹಾರ, ಕೆಲವರಿಗೆ ಮನೆಭೇಟಿ, ಕೆಲವರಿಗೆ ಎರಡೂ, ಉಳಿದವರಿಗೆ ಯಾವುದೂ ಇಲ್ಲ. ಮನೆಭೇಟಿ ಎಂದರೆ ವಾರಕ್ಕೊಂದು ತಾಸು, ಎರಡು ವರ್ಷ. ಆರೋಗ್ಯ ಸಹಾಯಕಿ ಬಂದು ತಾಯಿಗೆ ಮಗುವಿನೊಂದಿಗೆ ಆಡುವುದನ್ನು, ಮಾತಾಡುವುದನ್ನು ತೋರಿಸಿಕೊಡುತ್ತಿದ್ದಳು. ಇಪ್ಪತ್ತು ವರ್ಷದ ನಂತರ ಹುಡುಕಿ ನೋಡಿದರೆ, ಮನೆಭೇಟಿ ಸಿಕ್ಕವರ ಗಳಿಕೆ ಸಿಗದವರಿಗಿಂತ ಶೇ 25ರಷ್ಟು ಹೆಚ್ಚು. ಬರೀ ಆಹಾರ ಪಡೆದವರಲ್ಲಿ ಅಂಥ ಬಾಳಿಕೆಯ ಲಾಭ ಕಾಣಲಿಲ್ಲ. 2014ರಲ್ಲಿ ‘ಸೈನ್ಸ್’ ಪತ್ರಿಕೆಯಲ್ಲಿ ಇದು ಪ್ರಕಟವಾಗಿದೆ. ನಮ್ಮಲ್ಲಿ ಅಷ್ಟಾಗಿ ಯಾರೂ ಬಾಯಿಬಿಡದ ಅಂಕಿ ಇದು. 129 ಮಕ್ಕಳು ಯಾವ ಲೆಕ್ಕ ಎನ್ನುವವರು ಒಡಿಶಾದ ಕಟಕ್ ನೋಡಲಿ. ಅಲ್ಲಿನ ಕೊಳೆಗೇರಿಗಳಲ್ಲಿ ಇದೇ ಕ್ರಮವನ್ನು ನಡೆಸಿದಾಗಲೂ ಮಕ್ಕಳ ಗ್ರಹಿಕೆ ಸುಧಾರಿಸಿತು.

ಇಂಥ ಮನೆಭೇಟಿಗೆ ಕಟ್ಟಡ ಬೇಡ. ಗದಗ ಜಿಲ್ಲೆಯನ್ನೇ ನೋಡಿ: ಬೆಟಗೇರಿಯ ನೇಕಾರರ ಮನೆಯಲ್ಲಿ ತಾಯಿ ಕಂಡಿಕೆ ಸುತ್ತುತ್ತಿರುತ್ತಾಳೆ, ಕೂಸು ಮಗ್ಗದ ಬದಿಗೆ. ಮನೆಗೆ ಬಂದ ಕಾರ್ಯಕರ್ತೆ ಖಾಲಿ ಬಾಟಲಿಗೆ ಹುಣಸೆ ಬೀಜ ಹಾಕಿ, ಮುಚ್ಚಳ ಬಿಗಿದು ಅಲ್ಲಾಡಿಸಿ, ‘ಸಪ್ಪಳ ಎಲ್ಲಿಂದ ಬಂತು?’ ಎಂದು ಕೇಳಬೇಕು. ಕೂಸು ತಿರುಗಿ ನೋಡುವ ತನಕ ಕಾಯಬೇಕು. ಆಮೇಲೆ ಬಾಟಲಿಯನ್ನು ತಾಯಿಯ ಕೈಗಿತ್ತು ಅವಳಿಂದಲೇ ಆಡಿಸಬೇಕು. ಮುಂದಿನ ವಾರ ಬಣ್ಣದ ನೂಲಿನ ಉಂಡೆ. ಮುಂಡರಗಿ, ಶಿರಹಟ್ಟಿಯ ತಾಂಡಾಗಳಲ್ಲಿ ಅಪ್ಪ ಅಮ್ಮ ಗೋವಾಕ್ಕೆ ಗುಳೆ ಹೋಗಿರುತ್ತಾರೆ. ಅಲ್ಲಿ ಕಲಿಸಬೇಕಾದದ್ದು ಅಜ್ಜಿಗೆ, ಲಂಬಾಣಿಯಲ್ಲಿ. ಲಕ್ಷ್ಮೇಶ್ವರದ ಕಡೆ ಹೊಲಕ್ಕೆ ಹೋಗುವ ತಾಯಂದಿರ ಮಕ್ಕಳಿಗೆ 2023–24ರ ಬಜೆಟ್‌ನಲ್ಲಿ ಘೋಷಿಸಿದ ‘ಕೂಸಿನ ಮನೆ’ ಶಿಶುಪಾಲನಾ ಕೇಂದ್ರ ಒದಗಬಹುದು, ಅದು ಬರೀ ಮಲಗಿಸುವ ಜಾಗವಾಗದಿದ್ದರೆ.

ಕಾರ್ಯಕರ್ತೆಗೆ ಪುರುಸೊತ್ತೆಲ್ಲಿ? ಅಡುಗೆಯ ಲೆಕ್ಕ, ಪೋಷಣ್ ಟ್ರ್ಯಾಕರ್ ಆ್ಯಪ್, ಸಮೀಕ್ಷೆ, ಈಗ ಎಲ್‌ಕೆಜಿ. ತಮಿಳುನಾಡಿನಲ್ಲಿ ಇದಕ್ಕೂ ಉತ್ತರ ಸಿಕ್ಕಿದೆ. ಅಂಗನವಾಡಿಗೆ ಅರ್ಧ ದಿನದ ಮಟ್ಟಿಗೆ ಇನ್ನೊಬ್ಬಳನ್ನು ನೇಮಿಸಿ ಅಧ್ಯಯನ ಮಾಡಿದಾಗ ಮಕ್ಕಳ ಕಲಿಕೆ ಹೆಚ್ಚಿತು, ಕುಂಠಿತ ಬೆಳವಣಿಗೆಯೂ ತಗ್ಗಿತು. ಹೊಸಬಳು ಪಾಠ ನೋಡಿಕೊಂಡಳು, ಹಳಬಳಿಗೆ ಪೋಷಣೆಯ ಕೆಲಸಕ್ಕೆ ಸಮಯ ಸಿಕ್ಕಿತು.

ಆ ಎರಡನೇ ಹುದ್ದೆಯನ್ನು ಮೊದಲು ಗದಗ ಜಿಲ್ಲೆಗೆ ಕೊಡಿ, ಮನೆಭೇಟಿಯ ಹೊಣೆಯ ಜೊತೆಗೇ. ಅರ್ಧ ಅಂಗನವಾಡಿಗಳಲ್ಲಿ ಶುರುಮಾಡಿ, ಇನ್ನರ್ಧದೊಂದಿಗೆ ಎರಡು ವರ್ಷ ಹೋಲಿಸಿ ನೋಡಿ. ಅಳೆಯಲು ಗದುಗಿನಲ್ಲೇ ಗ್ರಾಮೀಣಾಭಿವೃದ್ಧಿ ವಿಶ್ವವಿದ್ಯಾಲಯವಿದೆ, ವೈದ್ಯಕೀಯ ಕಾಲೇಜೂ ಇದೆ. ಅಲ್ಲಿಯವರೆಗೆ ಹೊಸ ಎಲ್‌ಕೆಜಿ ಫಲಕಗಳು ಕಾಯಲಿ.