ಆಕ್ಸ್‌ಫರ್ಡಿನ ಬೀದಿಗಳು ಮತ್ತು ಒಂದು ಖಾಲಿ ಪುಟ

ಇಂಗ್ಲೆಂಡಿನಲ್ಲಿರುವ ಮಗಳ ಮನೆಗೆ ಹೋಗಿದ್ದಾಗ ಆಕ್ಸ್‌ಫರ್ಡ್ ನಗರವನ್ನು ಕಾಲ್ನಡಿಗೆಯಲ್ಲಿ ನೋಡುವ ಅವಕಾಶ ಒದಗಿತು. ಅದ್ಭುತ ಲೋಕಗಳ ಕಾದಂಬರಿಗಳಿಗೆ ಸ್ಫೂರ್ತಿಯಾದ ತಾಣಗಳನ್ನು ಮಾರ್ಗದರ್ಶಿಯೊಬ್ಬರು ಎರಡು ಗಂಟೆಗಳ ಕಾಲ ಸುತ್ತಾಡಿಸಿ ತೋರಿಸುವ ಏರ್ಪಾಡು ಅದು. ಅಂಥ ನಡಿಗೆಗಳ ಬಗೆಗೆ ನನ್ನ ಅಭಿಪ್ರಾಯವನ್ನು ಇಲ್ಲಿ ಬರೆಯುತ್ತಿದ್ದೇನೆ. ಇದರಲ್ಲಿ ನನ್ನದೊಂದು ತಪ್ಪೊಪ್ಪಿಗೆಯೂ ಸೇರಿದೆ.

ಸೇಂಟ್ ಮೇರಿ ಚರ್ಚಿನ ಪಕ್ಕದ ಓಣಿಯಲ್ಲಿ ಒಂದು ಹಳೆಯ ಮರದ ಬಾಗಿಲಿದೆ. ಅದರ ಮೇಲೆ ಸಿಂಹವನ್ನು ಹೋಲುವ ಮುಖದ ಕೆತ್ತನೆ. ಇಕ್ಕೆಲಗಳಲ್ಲಿ ಅರ್ಧ ಮನುಷ್ಯ, ಅರ್ಧ ಆಡಿನ ರೂಪದ ‘ಫಾನ್’ ಎಂಬ ಹೊಂಬಣ್ಣದ ಎರಡು ಮೂರ್ತಿಗಳು. ಸಮೀಪದಲ್ಲೇ ಒಂದು ದೀಪದ ಕಂಬ. ಸಿ. ಎಸ್. ಲೂಯಿಸರ ನಾರ್ನಿಯಾ ಲೋಕ ಹುಟ್ಟಿದ್ದು ಇಲ್ಲಿಯೇ ಎಂದು ಮಾರ್ಗದರ್ಶಿ ಹೇಳಿದರು. ಎಲ್ಲರೂ ಫೋಟೋ ತೆಗೆದುಕೊಂಡರು, ನಾನೂ ತೆಗೆದುಕೊಂಡೆ. ಆದರೆ ಲೂಯಿಸರೇ ಬರೆದಿರುವುದು ಬೇರೆ. ಹಿಮ ಬಿದ್ದ ಕಾಡಿನಲ್ಲಿ ಕೊಡೆ ಹಿಡಿದು, ಪೊಟ್ಟಣಗಳನ್ನು ಹೊತ್ತು ನಡೆಯುವ ಫಾನ್‌ನ ಚಿತ್ರವೊಂದು ಅವರ ಮನಸ್ಸಿನಲ್ಲಿ ಹದಿನಾರನೆಯ ವಯಸ್ಸಿನಿಂದಲೇ ಇತ್ತಂತೆ. ಆಗ ಅವರು ಆಕ್ಸ್‌ಫರ್ಡಿನ ವಿದ್ಯಾರ್ಥಿಯೇ ಆಗಿರಲಿಲ್ಲ. ನಾರ್ನಿಯಾದ ಮೊದಲ ಪುಸ್ತಕ ಪ್ರಕಟವಾದದ್ದು 1950ರಲ್ಲಿ.

ಮಾರ್ಗದರ್ಶಿಯನ್ನು ನಾನು ದೂರುವುದಿಲ್ಲ. ಆನೆಗೊಂದಿಯ ಬೆಟ್ಟಗಳಲ್ಲಿ ಕಿಷ್ಕಿಂಧೆಯನ್ನು ಕಾಣುವ ನಮಗೆ, ಕಥೆಗೊಂದು ನೆಲೆ ಹುಡುಕುವ ಹಂಬಲ ಹೊಸದಲ್ಲ. ನನ್ನ ಆಕ್ಷೇಪವೆಲ್ಲ ಇಷ್ಟೇ: ಇಂಥ ನಡಿಗೆ ಮುಗಿಸಿದ ಮಗು, ಆ ಗೋಪುರಗಳೂ ಬಾಗಿಲುಗಳೂ ಇದ್ದುದರಿಂದಲೇ ಕಥೆಗಳು ಹುಟ್ಟಿದವೆಂದು ಭಾವಿಸಬಹುದು. ‘ನಮ್ಮೂರಿನಲ್ಲಿ ಏನಿದೆ?’ ಎಂದು ತನ್ನ ಊರನ್ನೇ ಕಿರಿದಾಗಿ ಕಾಣಬಹುದು.

‘ಆಲಿಸ್’ ಕಥೆಯನ್ನೇ ನೋಡಿ. ಲೂಯಿಸ್ ಕ್ಯಾರಲ್ ಎಂಬ ಹೆಸರಿನಿಂದ ಬರೆದ ಚಾರ್ಲ್ಸ್ ಡಾಡ್ಜ್‌ಸನ್ ಕ್ರೈಸ್ಟ್ ಚರ್ಚ್ ಕಾಲೇಜಿನ ಗಣಿತದ ಅಧ್ಯಾಪಕರು. 1862ರ ಜುಲೈ 4ರಂದು ಕಾಲೇಜಿನ ಮುಖ್ಯಸ್ಥರ ಮೂವರು ಪುತ್ರಿಯರನ್ನು ದೋಣಿಯಲ್ಲಿ ಕರೆದೊಯ್ಯುವಾಗ ಆ ಕಥೆಯನ್ನು ಹೇಳಿದರು. ಅದನ್ನು ಬರೆದುಕೊಡಿ ಎಂದು ಹತ್ತು ವರ್ಷದ ಆಲಿಸ್ ಕೇಳಿಕೊಂಡಳು. 1864ರಲ್ಲಿ ಕೈಬರಹದ ಪ್ರತಿ ಅವಳ ಕೈಸೇರಿತು, 1865ರಲ್ಲಿ ಪುಸ್ತಕವಾಯಿತು. ನದಿಯೇನೋ ಅಲ್ಲಿತ್ತು, ನಿಜ. ಆದರೆ ಕೇಳುವ ಮಗುವೂ, ಆ ಮಾತಿಗೆ ಬೆಲೆ ಕೊಟ್ಟ ಮೇಷ್ಟರೂ ಇರದಿದ್ದರೆ ಕಥೆ ಅಂದಿನ ಸಂಜೆಗೇ ಮುಗಿಯುತ್ತಿತ್ತು.

ನನ್ನನ್ನು ಹೆಚ್ಚು ಕಲಕಿದ ಸ್ಥಳಕ್ಕೆ ನಮ್ಮ ನಡಿಗೆ ಹೋಗಲೇ ಇಲ್ಲ. ಅದು ನಗರದ ಉತ್ತರ ಭಾಗದ ನಾರ್ತ್‌ಮೂರ್ ರಸ್ತೆಯ 20ನೆಯ ಸಂಖ್ಯೆಯ ಮನೆ. 1930ರಿಂದ 1947ರವರೆಗೆ ಜೆ. ಆರ್. ಆರ್. ಟೋಲ್ಕಿನ್ ಅಲ್ಲಿ ವಾಸವಾಗಿದ್ದರು. ಪ್ರಾಧ್ಯಾಪಕರಾಗಿದ್ದರೂ ಮಕ್ಕಳೊಂದಿಗರ ಸಂಸಾರದ ಖರ್ಚಿಗೆಂದು ಬೇಸಿಗೆಯಲ್ಲಿ ಶಾಲಾ ಪರೀಕ್ಷೆಗಳ ಉತ್ತರಪತ್ರಿಕೆಗಳನ್ನು ತಿದ್ದುತ್ತಿದ್ದರು. ಒಮ್ಮೆ ಯಾರೋ ವಿದ್ಯಾರ್ಥಿ ಬರೆಯದೆ ಬಿಟ್ಟ ಪುಟವೊಂದು ಎದುರಾಯಿತು. ಅದರ ಮೇಲೆ ಟೋಲ್ಕಿನ್ ಹಾಬಿಟ್ ಎಂಬ ಜೀವಿಯ ಬಗೆಗೆ ಒಂದೇ ಒಂದು ವಾಕ್ಯ ಬರೆದರು. ಹಾಬಿಟ್ ಎಂದರೇನೆಂದು ಆಗ ಅವರಿಗೇ ತಿಳಿದಿರಲಿಲ್ಲವಂತೆ. 1937ರಲ್ಲಿ ಬಂದ ಕಾದಂಬರಿಯ ಮೊದಲ ವಾಕ್ಯ ಅದೇ ಆಯಿತು.

ಮೌಲ್ಯಮಾಪನ ಕೇಂದ್ರಗಳ ಬೆಂಚುಗಳ ಮೇಲೆ ಎಷ್ಟೋ ಬೇಸಿಗೆಗಳನ್ನು ಕಳೆದವನು ನಾನು. ಅಂಥ ಖಾಲಿ ಪುಟಗಳು ನನಗೆ ಸಾವಿರಾರು ಸಿಕ್ಕಿವೆ. ಮುಂದೆ ಯಾರೂ ಏನನ್ನೂ ಸೇರಿಸದಂತೆ ಅವುಗಳ ಮೇಲೆ ಅಡ್ಡಗೆರೆ ಎಳೆಯಬೇಕು. ಆ ನಿಯಮ ಸರಿಯಾದದ್ದೇ. ತಪ್ಪಾದದ್ದು, ಅದೇ ಕೆಂಪು ಪೆನ್ನನ್ನು ನಾನು ತರಗತಿಗೂ ಒಯ್ದದ್ದು. ಒಂಬತ್ತನೆಯ ತರಗತಿಯ ಹುಡುಗನೊಬ್ಬ ಗಣಿತದ ನೋಟ್‌ಬುಕ್ಕಿನ ಕೊನೆಯ ಪುಟಗಳಲ್ಲಿ, ಬಾವಿಯೊಳಗಿನ ರಾಜ್ಯವೊಂದರ ಕಥೆ ಬರೆಯುತ್ತಿದ್ದ. ಪಾಠದ ನಡುವೆ ಅದು ನನ್ನ ಕಣ್ಣಿಗೆ ಬಿತ್ತು. ಓದದೆಯೇ ನಾಲ್ಕೂ ಪುಟಗಳ ಮೇಲೆ ಗೆರೆ ಎಳೆದೆ. ಪಿರಿಯಡ್ ಮುಗಿಯುವವರೆಗೆ ಅವನನ್ನು ನಿಲ್ಲಿಸಿದೆ. ಅವನು ಅಳಲಿಲ್ಲ, ಎದುರಾಡಲಿಲ್ಲ. ಮುಂದೆ ನೋಟ್‌ಬುಕ್ ತಿದ್ದುವಾಗಲೆಲ್ಲ ಅದರ ಕೊನೆಯ ಪುಟಗಳು ಸ್ವಚ್ಛವಾಗಿರುತ್ತಿದ್ದವು. ಅದನ್ನು ಶಿಸ್ತು ಎಂದು ತಿಳಿದು ಸಂತೋಷಪಟ್ಟವನೂ ನಾನೇ.

ಆದ್ದರಿಂದ, ಇಂಥ ನಡಿಗೆಗಳಿಗೆ ಮಕ್ಕಳನ್ನು ಕರೆದೊಯ್ಯಿರಿ. ಸಿಂಹದ ಬಾಗಿಲನ್ನೂ ತೋರಿಸಿರಿ. ಆದರೆ ಉತ್ತರಪತ್ರಿಕೆಗಳ ಕಟ್ಟಿನೆದುರು ದಣಿದು ಕುಳಿತಿದ್ದ ಆ ಮೇಷ್ಟರ ಕಥೆಯನ್ನೂ ತಪ್ಪದೆ ಹೇಳಿರಿ. ನಿಮ್ಮಲ್ಲಿ ಹಲವರು ಈಗ ಶಿಕ್ಷಕರು, ಎಲ್ಲರೂ ಬಹುಶಃ ತಂದೆತಾಯಂದಿರು. ನೋಟ್‌ಬುಕ್ಕಿನ ಕೊನೆಯ ಪುಟದಲ್ಲಿ ಏನಾದರೂ ಕಂಡರೆ ಮೊದಲು ಓದಿ, ಆಮೇಲೆ ಬೇಕಿದ್ದರೆ ಗದರಿಸಿ.

ಆ ಹುಡುಗನಿಗೆ ಈಗ ನಲವತ್ತು ದಾಟಿರಬೇಕು. ಅಪ್ಪಾ, ನೀನು ಇದನ್ನು ಓದುತ್ತಿದ್ದರೆ, ಆ ಬಾವಿಯೊಳಗೆ ಮುಂದೇನಾಯಿತೆಂದು ತಿಳಿಯುವ ಆಸೆ ನನಗಿದೆ. ಮನೆಗೆ ಬಂದು ಹೇಳು.